ಹಸಿದ ಮಕ್ಕಳಿಗಾಗಿ ಹುಟ್ಟಿದ ಕ್ರೀಡಾಸಂಘ

ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರಕ್ಕೆ ಹೋದವರು ಅಲ್ಲಿನ ಪ್ರಾಚೀನ ಕೆಥೆಡ್ರಲ್, ವಿಶ್ವವಿದ್ಯಾಲಯ, ಕ್ಲೈಡ್ ನದಿಯ ದಂಡೆಗಳನ್ನು ನೋಡುವುದು ವಾಡಿಕೆ. ನಾವು ನಗರದ ಪೂರ್ವಭಾಗದ ಕಾಲ್ಟನ್ ಬಡಾವಣೆಯತ್ತ ಹೊರಟೆವು. ಸೆಲ್ಟಿಕ್ ಎಂಬ ಫುಟ್‌ಬಾಲ್ ಸಂಘ ಜನ್ಮತಾಳಿದ್ದು ಅಲ್ಲಿಯ ಸೇಂಟ್ ಮೇರಿ ಚರ್ಚಿನ ಸಭಾಂಗಣದಲ್ಲಿ. ಆಟದ ಮೋಹಕ್ಕಿಂತ ಆ ಹುಟ್ಟಿನ ಹಿಂದಿದ್ದ ಕರುಣೆಯೇ ನಮ್ಮನ್ನು ಸೆಳೆದದ್ದು.

1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಘೋರ ಕ್ಷಾಮ ತಲೆದೋರಿತು. ಊರು ಬಿಟ್ಟು ಗ್ಲಾಸ್ಗೊ ಸೇರಿದ ಅಸಂಖ್ಯ ಕ್ಯಾಥೊಲಿಕ್ ಕುಟುಂಬಗಳಿಗೆ ಇಲ್ಲಿ ದೊರೆತದ್ದು ಅಲ್ಪ ಕೂಲಿ, ಇಕ್ಕಟ್ಟಾದ ವಸತಿ ಮತ್ತು ಪರಕೀಯರೆಂಬ ತಾತ್ಸಾರ. ಐರ್ಲೆಂಡಿನ ಸ್ಲೈಗೊ ಪ್ರಾಂತದಿಂದ ಬಂದ ಸನ್ಯಾಸಿ ಶಿಕ್ಷಕ ಬ್ರದರ್ ವಾಲ್‌ಫ್ರಿಡ್ ಹಸಿದ ಶಾಲಾಮಕ್ಕಳಿಗೆ ಊಟವಿಕ್ಕುವ ಕಾರ್ಯಕ್ಕೆ ಹಣ ಕೂಡಿಸಲು ಫುಟ್‌ಬಾಲನ್ನು ಆಶ್ರಯಿಸಿದರು. 1887ರ ನವೆಂಬರ್ 6ರಂದು ಸಂಘ ಸ್ಥಾಪನೆಯಾಯಿತು. 1888ರ ಮೇ 28ರ ಮೊದಲ ಪಂದ್ಯದಲ್ಲಿ ಅದು ರೇಂಜರ್ಸ್ ತಂಡವನ್ನು 5-2ರಿಂದ ಸೋಲಿಸಿತು. ಐರಿಷ್ ಮತ್ತು ಸ್ಕಾಟಿಷ್ ಜನರಿಬ್ಬರಿಗೂ ಸಲ್ಲುವ ಹೆಸರು ‘ಸೆಲ್ಟಿಕ್’.

ಆದರೆ ಗೆಲುವಿನೊಡನೆ ಧನವೂ ಬಂದಿತು. ವಾಲ್‌ಫ್ರಿಡ್ ಅವರಿಗೆ ಲಂಡನ್ನಿಗೆ ವರ್ಗವಾಯಿತು. 1897ರಲ್ಲಿ ಸಂಘ ಷೇರುದಾರರ ಕಂಪನಿಯಾಯಿತು. ಬಡಮಕ್ಕಳ ಪಾಲು ಹಿಂದೆ ಸರಿಯಿತು. ಸೇವೆಗೆಂದು ಹುಟ್ಟಿದ ಸಂಸ್ಥೆ ಸಂಪತ್ತು ಸೇರಿದಂತೆ ತನ್ನ ಮೂಲವನ್ನು ಮರೆಯಬಹುದೆಂಬುದಕ್ಕೆ ಇದೂ ಒಂದು ನಿದರ್ಶನ.

ರೇಂಜರ್ಸ್ ತಂಡಕ್ಕೆ ಪ್ರಾಟೆಸ್ಟೆಂಟರ ಬೆಂಬಲ, ಸೆಲ್ಟಿಕ್‌ಗೆ ಕ್ಯಾಥೊಲಿಕರ ಬೆಂಬಲ ಎಂಬ ಒಡಕಿನಿಂದ ಈ ನಗರ ಬಹಳ ನೊಂದಿದೆ. ಆದರೂ ಸೆಲ್ಟಿಕ್ ತನ್ನ ಬಾಗಿಲನ್ನು ಅನ್ಯಮತೀಯರಿಗೆ ಮುಚ್ಚಲಿಲ್ಲ. 1936ರಲ್ಲಿ ಕಲ್ಕತ್ತೆಯ ಮೊಹಮ್ಮದ್ ಸಲೀಂ ಬರಿಗಾಲಿಗೆ ಪಟ್ಟಿ ಸುತ್ತಿಕೊಂಡು ಈ ತಂಡದ ಪರವಾಗಿ ಆಡಿ ಪ್ರೇಕ್ಷಕರನ್ನು ಬೆರಗುಗೊಳಿಸಿದರು. 1967ರ ಮೇ 25ರಂದು ಲಿಸ್ಬನ್ನಿನಲ್ಲಿ ಇಟಲಿಯ ಇಂಟರ್ ಮಿಲಾನ್ ತಂಡವನ್ನು 2-1ರಿಂದ ಮಣಿಸಿ ಯೂರೋಪಿಯನ್ ಕಪ್ ತಂದಾಗ ತರಬೇತುದಾರರಾಗಿದ್ದ ಜಾಕ್ ಸ್ಟೈನ್ ಪ್ರಾಟೆಸ್ಟೆಂಟರು. ಅಂದಿನ ಆಟಗಾರರೆಲ್ಲ ಗ್ಲಾಸ್ಗೊದಿಂದ ಸುಮಾರು 30 ಮೈಲಿಯೊಳಗೆ ಹುಟ್ಟಿದವರು. ಬ್ರಿಟನ್ನಿನ ಯಾವ ತಂಡವೂ ಅದಕ್ಕೆ ಮೊದಲು ಆ ಕಪ್ ಗೆದ್ದಿರಲಿಲ್ಲ.

1994ರಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಸಂಘವನ್ನು ಕೆನಡಾದಲ್ಲಿ ನೆಲೆಸಿದ್ದ ಉದ್ಯಮಿ ಫರ್ಗಸ್ ಮೆಕ್ಯಾನ್ ಉಳಿಸಿದರು. ಅಭಿಮಾನಿಗಳು ಷೇರು ಕೊಂಡು ಕೈಜೋಡಿಸಿದರು. ಇಂದು ಪಾರ್ಕ್‌ಹೆಡ್‌ನ ಕ್ರೀಡಾಂಗಣದಲ್ಲಿ ಸುಮಾರು 60,000 ಆಸನಗಳಿವೆ. ಅದರ ಮುಂದೆ 2005ರಲ್ಲಿ ಸ್ಥಾಪಿಸಿದ ವಾಲ್‌ಫ್ರಿಡ್ ಅವರ ಕಂಚಿನ ಪ್ರತಿಮೆಯಿದೆ. ಸಂಘದ ದತ್ತಿಸಂಸ್ಥೆ ಇಂದು ಮತ್ತೆ ಬಡವರ ನೆರವಿಗೆ ನಿಂತಿದೆ. ಕಪ್‌ಗಳ ಸಾಲಿಗಿಂತ ಈ ಮರಳುವಿಕೆಯೇ ನಮಗೆ ದೊಡ್ಡದೆನಿಸಿತು. ಹಸಿದವರ ಹೆಸರಿನಲ್ಲಿ ಮೊದಲಾದ ಕಾರ್ಯಕ್ಕೆ ಹಸಿದವರನ್ನು ನೆನೆಯುವುದರಲ್ಲಿಯೇ ಶೋಭೆ.