ಖಾಲಿ ಬೆಂಚಿನ ಜಮಾಖರ್ಚು

ಬಿ.ಕಾಂ. ಓದುವವನಿಗೆ ಚರ್ಚಿನಲ್ಲಿ ಏನು ಕೆಲಸ ಎಂದು ನಮ್ಮ ಸಂಘದ ಗೆಳೆಯರು ಕೇಳುತ್ತಾರೆ. ಕೆಲಸ ಇದೆ. ನಾನು ಕ್ರೈಸ್ತನಲ್ಲ, ದಿನಾ ಇಬತ್ತಿ ಹಚ್ಚುವ ಮನೆ ನಮ್ಮದು. ಆದರೆ ನಮ್ಮ ಚಾಳಿನಲ್ಲಿ ಕೆಳಗಿನ ಖೋಲಿಯ ಕಾಕಾ ಒಂದು ಸಣ್ಣ ಕನ್ನಡ ಸಭೆಯ ಖಜಾಂಚಿ. ಕಣ್ಣು ಮಂದವಾದ ಮೇಲೆ ಅವರಿಗೆ ಕಿರ್ದಿ ಬರೆಯಲು ಒಬ್ಬ ಹುಡುಗ ಬೇಕಾದ. "ತಮ್ಮಾ, ನೀ ಕನ್ನಡ ಸಾಲಿ ಕಲತಾಂವ. ಹಳೇ ಪುಸ್ತಕ ಓದಾಕ ನಿನಗ ಬರ್ತೈತಿ. ನನ್ನ ಮೊಮ್ಮಕ್ಕಳಿಗೆ ಬರಂಗಿಲ್ಲ" ಅಂದರು. ಎರಡು ವರ್ಷದಿಂದ ಬರೆಯುತ್ತಿದ್ದೇನೆ. ಸಂಬಳವೆಂದರೆ ಕ್ರಿಸ್‌ಮಸ್ಸಿಗೆ ಒಂದು ಡಬ್ಬಿ ಕರ್ಜಿಕಾಯಿ.

ಒಂದು ಊರೋ ಓಣಿಯೋ ಹೇಗೆ ಕರಗುತ್ತದೆ ಎಂದು ತಿಳಿಯಬೇಕಾದರೆ ಹಳೆಯ ಕಿರ್ದಿ ನೋಡಬೇಕು. ಎಪ್ಪತ್ತರ ದಶಕದ ಪುಟಗಳಲ್ಲಿ ಮದುವೆಯ ಕಾಣಿಕೆ, ಮಗುವಿನ ದೀಕ್ಷಾಸ್ನಾನದ ಕಾಣಿಕೆ, ಸುಗ್ಗಿ ಹಬ್ಬದ ಹರಾಜಿನಲ್ಲಿ ತೆಂಗಿನಕಾಯಿಗೆ ಬಂದ ದುಡ್ಡು, ಕೋಳಿಗೆ ಬಂದ ದುಡ್ಡು, ಎಲ್ಲ ಸಾಲುಸಾಲಾಗಿ ಇವೆ. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಂದಾಳ್ತನದಲ್ಲಿ ಗಿರಣಿ ಮುಷ್ಕರ ಶುರುವಾಯಿತಲ್ಲ, ಸುಮಾರು 2.5 ಲಕ್ಷ ಕೆಲಸಗಾರರು ಹೊರಗೆ ಬಂದದ್ದು, ಅದಾದ ಮೇಲೆ ಬರವಣಿಗೆಯೇ ಬದಲಾಗುತ್ತದೆ. ಜಮೆಯ ಕಡೆ ಚಿಲ್ಲರೆ. ಖರ್ಚಿನ ಕಡೆ "ಬಡವರ ನಿಧಿಯಿಂದ ಅಕ್ಕಿಗಾಗಿ". ಆ ಮುಷ್ಕರ ಇಂಥ ದಿನ ಮುಗಿಯಿತು ಎಂದು ಯಾರೂ ಸಾರಲಿಲ್ಲ. ನಮ್ಮ ಅಜ್ಜನೂ ಅದರಲ್ಲೇ ಕೆಲಸ ಕಳೆದುಕೊಂಡವನು. ಆಮೇಲೆ ಚಾಳುಗಳ ಜಾಗದಲ್ಲಿ ಗೋಪುರದಂಥ ಕಟ್ಟಡ ಬಂದವು, ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಮಾಲ್ ಬಂತು, ಜನ ಕಲ್ಯಾಣ, ಡೊಂಬಿವಲಿ, ವಿರಾರ್ ಎಂದು ಚದುರಿದರು. ಈಗೀಗ ನಾನು ಬರೆಯುವ ಪುಟಗಳಲ್ಲಿ ಮದುವೆಯ ಸಾಲು ಖಾಲಿ. ಅಂತ್ಯಕ್ರಿಯೆಯ ಸಾಲು ಮಾತ್ರ ತುಂಬುತ್ತದೆ.

ರವಿವಾರ ಆರಾಧನೆಗೆ ಹದಿನೈದು ಜನ ಬಂದರೆ ಕಾಕಾಗೆ ಖುಷಿ. ಮಳೆಗಾಲದಲ್ಲಿ ಏಳೆಂಟು.

ಹೋದ ವರ್ಷ ಇದರ ಬಗ್ಗೆಯೇ ಕಮಿಟಿ ಕೂತಿತು. ಲೆಕ್ಕ ಓದಲು ನನ್ನನ್ನೂ ಕರೆದಿದ್ದರು. ಒಬ್ಬರು ಹಿಂದಿಯಲ್ಲಿ ಆರಾಧನೆ ಮಾಡಿದರೆ ಬೆಂಚು ತುಂಬುತ್ತವೆ ಎಂದರು. ಇಬ್ಬರು ಹುಡುಗಿಯರು ಇಂಗ್ಲಿಷ್ ಬೇಕೆಂದರು. ಹಿರಿಯರಿಗೆ ಸಿಟ್ಟು ಬಂತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಕನ್ನಡ ಕಲಿತರು, ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತಂದರು, ಕಿಟೆಲ್ಲರು 1894ರಲ್ಲಿ ನಿಘಂಟು ಕೊಟ್ಟರು, ಜರ್ಮನಿಯವರಿಗೆ ಬಂದ ಕನ್ನಡ ನಿಮಗೆ ಭಾರವೇ ಎಂದು ಬೆಟಗೇರಿ ಮೂಲದ ಅಜ್ಜಿಯೊಬ್ಬರು ಬೈದರು. ಕನ್ನಡ ಶಾಲೆಯಲ್ಲಿ ಓದಿದ ನನಗೆ ಈ ಮಾತು ಹಿತವೆನಿಸಿತು, ನಿಜ. ಆದರೂ ಆ ಹುಡುಗಿಯರದ್ದು ತಪ್ಪೆನ್ನಲಾರೆ. ಅವರು ಕೀರ್ತನೆಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು ಬಂದು ಹಾಡುತ್ತಾರೆ. ಅರ್ಥವಾಗದ್ದನ್ನೂ ಬಿಡದೆ ಹಾಡುತ್ತಾರೆ. ಅವರಿಗೆ ಬೈದು ಏನು ಸಿಗುತ್ತದೆ?

ಸಭಾಪಾಲಕರು ಕೊನೆಯವರೆಗೂ ಸುಮ್ಮನಿದ್ದು, "ಮಂದಿ ಇಲ್ಲಿಗೆ ಬರಾಕ ಆಗವಲ್ದು ಅಂದ್ರ ನಾವ ಅಲ್ಲಿಗೆ ಹೋಗೂಣು" ಅಂದರು. ತಿಂಗಳ ಮೊದಲ ರವಿವಾರ ಇಂಗ್ಲಿಷ್, ಉಳಿದವು ಕನ್ನಡ, ಎರಡು ಶನಿವಾರ ದೂರದವರ ಮನೆಯಲ್ಲೇ ಪ್ರಾರ್ಥನೆ ಎಂದು ಠರಾವಾಯಿತು. ಅಂದಿನಿಂದ "ಲೋಕಲ್ ಟಿಕೀಟು" ಎಂಬ ಹೊಸ ಖಾತೆ ತೆರೆದಿದ್ದೇನೆ. ಹೆಗಲಿಗೆ ಚೀಲ ಹಾಕಿಕೊಂಡು ಅಯ್ನೋರು ವಿರಾರ್ ಗಾಡಿ ಹತ್ತುವುದನ್ನು ನೀವು ನೋಡಬೇಕು. ಯಾರೂ ಅವರನ್ನು ಪಾದ್ರಿ ಎನ್ನಲಾರರು, ವಿಮಾ ಏಜೆಂಟ್ ಎಂದೇ ತಿಳಿದಾರು.

ಅಂಥ ಒಂದು ಶನಿವಾರ ಕಲ್ಯಾಣದ ಹತ್ತಿರ ಅವರ ಕಿವಿಗೆ ಕನ್ನಡ ಬಿತ್ತು. ಯಾದಗಿರಿ ಕಡೆಯ ಗೌಂಡಿ ಜನ, ಏಳುವ ಕಟ್ಟಡದ ಬುಡದಲ್ಲೇ ತಗಡಿನ ಶೆಡ್ಡು. ದೊಡ್ಡವರು ಗಾರೆ ಹೊರುತ್ತಿದ್ದರೆ ಮಕ್ಕಳು ಮರಳಿನ ಗುಡ್ಡೆಯಲ್ಲಿ. ಶಾಲೆ ಇಲ್ಲ. ಇದ್ದರೂ ಮರಾಠಿ ಬರುವುದಿಲ್ಲ, ಕಟ್ಟಡ ಮುಗಿದರೆ ಬೇರೆ ಕಡೆ ಹೋಗುವವರು. ಅಯ್ನೋರು ಮಾರನೆಯ ವಾರ ಹನ್ನೆರಡು ಪಾಟಿ ಕೊಂಡು ನನ್ನನ್ನೂ ಎಳೆದುಕೊಂಡು ಹೋದರು. ಅವರು ಅ ಆ ಇ ಈ ಬರೆಸಿದರು, ನಾನು ಮಗ್ಗಿ ಹೇಳಿಸಿದೆ.

ಎರಡೂ ಕಡೆಯಿಂದ ತಕರಾರು ಬಂತು. ಸೈಟಿನ ಮುಕಾದಮ ಮೊದಲೇ ಕೇಳಿದ, "ಧರ್ಮ ಬದಲಿ ಮಾಡ್ತೀರೇನು?" ಅಯ್ನೋರು ಪಾಟಿಯನ್ನೇ ಅವನ ಕೈಗಿಟ್ಟು, "ಓದಿ ನೋಡ್ರಿ, ಬ್ಯಾರೆ ಏನಾರ ಬರದೇವೇನು?" ಅಂದರು. ಅವನಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ಒಂದು ಹುಡುಗಿ ಓದಿ ಹೇಳಿದಳು. ಮನೆಯಲ್ಲಿ ಅವ್ವನೂ, "ಲೆಕ್ಕ ಬರಿ, ಬ್ಯಾಡನ್ನಂಗಿಲ್ಲ. ಅವರ ಸಂಗಡ ಊರೂರು ಯಾಕ ತಿರಗತಿ?" ಎಂದಳು. ಮಗ್ಗಿ ಹೇಳಿಸಲು ಹೋಗುತ್ತೇನೆ ಎಂದೆ. ಅವಳು ಹೂಂ ಅನ್ನಲಿಲ್ಲ, ಆದರೆ ಶನಿವಾರ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇರುತ್ತಿದ್ದವು.

ಸಭೆಯೊಳಗಿನ ತಕರಾರು ಇನ್ನೂ ಕಷ್ಟದ್ದು. ಆ ಮಕ್ಕಳು ಸಭೆಗೆ ಸೇರುವವರಲ್ಲ, ಕಾಣಿಕೆ ಕೊಡುವವರಲ್ಲ, ಬೆಂಚು ತುಂಬುವವರೂ ಅಲ್ಲ. ಇದ್ದ ಹದಿನೈದು ಜನರ ದುಡ್ಡಿನಲ್ಲಿ ಅವರಿಗೆ ಪಾಟಿ ಯಾಕೆ? ಕಾಕಾ ಸ್ವತಃ ಇದನ್ನು ಕೇಳಿದರು, ಮತ್ತು ಖಜಾಂಚಿಯಾಗಿ ಕೇಳಲೇಬೇಕಿತ್ತು. ಲಾಭನಷ್ಟದ ಲೆಕ್ಕ ಕಲಿತ ನನಗೂ ಉತ್ತರ ಹೊಳೆಯಲಿಲ್ಲ. ಆದರೆ ಇಷ್ಟು ಹೇಳಬಲ್ಲೆ: ನಾನು ಕಂಡಂತೆ ಆ ವರ್ಷ ಈ ಸಭೆಯಲ್ಲಿ ಹೊಸದಾಗಿ ಕನ್ನಡ ಓದಲು ಕಲಿತವರು ಆ ಹನ್ನೆರಡು ಮಂದಿ ಮಾತ್ರ.

ಪಾಟಿಯ ಖರ್ಚನ್ನು ಯಾವ ಖಾತೆಗೆ ಹಾಕುವುದು ಎಂದೂ ಜಗಳವಾಯಿತು. ಸುವಾರ್ತೆ ಖಾತೆಗೆ ಎಂದರು ಕಾಕಾ. ಬೇಡ, ಮುಕಾದಮನಿಗೆ ಮಾತು ಕೊಟ್ಟಿದ್ದೇನೆ ಎಂದರು ಅಯ್ನೋರು. ಕೊನೆಗೆ "ಶಾಲೆ" ಎಂದು ಬರೆದೆ. ಹಿಂದಿನ ಪುಟ ತಿರುವಿದರೆ ಅರವತ್ತರ ದಶಕದಲ್ಲೂ ಆ ಹೆಸರಿನ ಖಾತೆ ಒಂದಿತ್ತು.

ಮೇ ತಿಂಗಳಿಗೆ ಕಟ್ಟಡ ಮುಗಿಯಿತು. ಶೆಡ್ಡು ಕಿತ್ತರು, ಪಾಟಿ ಸಮೇತ ಮಕ್ಕಳು ಪನವೇಲ್ ಕಡೆಗೆ ಹೋದರಂತೆ. ಅಯ್ನೋರು ನಿನ್ನೆ ನಮ್ಮ ಚಾಳಿಗೆ ಬಂದಿದ್ದರು. ಪನವೇಲಿಗೆ ಹೋಗಿಬರುವ ಟಿಕೀಟಿಗೆ ಎಷ್ಟಾಗುತ್ತದೆ, ಖಾತೆಯಲ್ಲಿ ಎಷ್ಟು ಉಳಿದಿದೆ ನೋಡಿ ಹೇಳು ಎಂದು ಕೇಳಿ ಹೋಗಿದ್ದಾರೆ.