ರೋಟ್ ಡೌನ್, ರೋಟ್ ಆಫ್

ಇಂಗ್ಲಿಷ್ ಪೀರಿಯಡ್‌ನಲ್ಲಿ ಫ್ರೇಸಲ್ ವರ್ಬ್ ಎಂಬ ಮಾತು ಬಂದ ಕೂಡಲೇ ಕಾಮರ್ಸ್ ವಿಭಾಗದ ನಾವು ಹಲವರು ತಲೆ ತಗ್ಗಿಸಿ ಕೂರುತ್ತೇವೆ. ಆದರೆ ಅದಕ್ಕೆ ಮುಂಚಿನ ಅಕೌಂಟೆನ್ಸಿ ಪೀರಿಯಡ್‌ನಲ್ಲಿ ನಾವೇ ಅವನ್ನು ಸಲೀಸಾಗಿ ಬರೆದಿರುತ್ತೇವೆ. ಖಾತೆ ಮುಗಿಸುವಾಗ ಬ್ಯಾಲೆನ್ಸ್ ಕ್ಯಾರೀಡ್ ಡೌನ್, ಮುಂದಿನ ಅವಧಿ ಶುರು ಮಾಡುವಾಗ ಬ್ಯಾಲೆನ್ಸ್ ಬ್ರಾಟ್ ಡೌನ್. ಷೇರು ಬಂಡವಾಳದ ಪಾಠದಲ್ಲಿ ಕಾಲ್ಡ್ ಅಪ್, ಪೇಯ್ಡ್ ಅಪ್. ಈ ಎರಡು ಮಾತುಗಳಿಗೂ 2013ರ ಕಂಪನಿ ಕಾಯ್ದೆಯಲ್ಲೇ ಅರ್ಥ ಹೇಳಿದ್ದಾರೆ. ವಸೂಲಾಗದ ಸಾಲಕ್ಕೆ ರಿಟನ್ ಆಫ್.

ಇವುಗಳಲ್ಲಿ ಕ್ಯಾರಿ, ಬ್ರಿಂಗ್, ಕಾಲ್, ಪೇ, ರೈಟ್ ಎಂಬ ಕ್ರಿಯಾಪದಗಳು ರೂಪ ಬದಲಿಸಿವೆ. ಡೌನ್, ಅಪ್, ಆಫ್ ಎಂಬ ಬಾಲಗಳು ಇದ್ದ ಹಾಗೇ ಇವೆ. ಭೂತಕಾಲದ ಮುಖ್ಯ ನಿಯಮವೇ ಇದು. ಗಿವ್ ಅಪ್ ಇದ್ದದ್ದು ಗೇವ್ ಅಪ್ ಆಗುತ್ತದೆ, ಲುಕ್ ಆಫ್ಟರ್ ಇದ್ದದ್ದು ಲುಕ್ಡ್ ಆಫ್ಟರ್ ಆಗುತ್ತದೆ. ವಾಕ್ಯದಲ್ಲಿ ಡಿಡ್ ಬಂದರೆ ಮಾತ್ರ ಭೂತಕಾಲದ ಹೊಣೆಯನ್ನು ಅದೇ ಹೊತ್ತುಕೊಳ್ಳುತ್ತದೆ, ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ: ಹಿ ಡಿಡ್ ನಾಟ್ ಗಿವ್ ಅಪ್.

ಇಷ್ಟು ಸುಲಭದ ನಿಯಮ ನಮಗೆ ಯಾಕೆ ಕಷ್ಟ? ನಾವು ದಡ್ಡರು ಎಂಬುದು ಕಾರಣವಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಮ್ಮ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದಾಗಲೇ, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಅತಿ ಕಷ್ಟವಾಗುವುದು ಇಂಥ ಬಾಲವಿರುವ ಕ್ರಿಯಾಪದಗಳೇ ಎಂದು ಅದರ ಮುನ್ನುಡಿಯಲ್ಲಿ ಬರೆದಿದ್ದರು. ನಮ್ಮ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ ಎಂದು ನನಗೆ ಅನ್ನಿಸುತ್ತದೆ. ಕನ್ನಡದಲ್ಲಿ ಬಿದ್ದುಹೋಗುತ್ತದೆ, ಬಿದ್ದುಹೋಯಿತು, ಬಿದ್ದುಹೋಗಲಿಲ್ಲ ಎನ್ನುತ್ತೇವೆ. ಮೊದಲ ಪದ ಅಲುಗುವುದಿಲ್ಲ, ಕಾಲವೆಲ್ಲ ಕೊನೆಯ ಪದದಲ್ಲಿರುತ್ತದೆ. ನಮ್ಮ ಮನೆಯ ಉರ್ದುವಿನಲ್ಲೂ ಹಾಗೆಯೇ: ಗಿರ್ ಜಾತಾ, ಗಿರ್ ಗಯಾ. ಇಂಗ್ಲಿಷಿನಲ್ಲಿ ಇದು ತಿರುಗಿ ನಿಂತಿದೆ. ಅಲ್ಲಿ ಕಾಲ ಮುಂದಿನ ಪದದಲ್ಲಿ, ಬಾಲ ಸ್ಥಿರ. ಹುಟ್ಟಿದಾಗಿನಿಂದ ಕೊನೆಯ ಪದವನ್ನೇ ಬದಲಿಸಿ ರೂಢಿಯಾದ ನಾಲಿಗೆ ಇಂಗ್ಲಿಷಿನಲ್ಲೂ ಕೊನೆಗೆ ಕೈ ಹಾಕಲು ಹೋಗುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ, ಬಾಲ ಬದಲಾದರೆ ಅರ್ಥ ಬದಲಾಗುವುದು ನಮಗೆ ಹೊಸದಲ್ಲ. ಅಜ್ಜಿಯನ್ನು ನೋಡಿದಳು ಎನ್ನುವುದಕ್ಕೂ ಅಜ್ಜಿಯನ್ನು ನೋಡಿಕೊಂಡಳು ಎನ್ನುವುದಕ್ಕೂ ಎಷ್ಟು ಅಂತರವಿದೆ! ಲುಕ್ಡ್ ಅ್ಯಟ್ ಮತ್ತು ಲುಕ್ಡ್ ಆಫ್ಟರ್ ನಡುವೆ ಇರುವುದು ಅದೇ ಅಂತರ. ಹೇಳಿಕೊಡು, ಹೇಳಿಬಿಡು, ಹೇಳಿಕೊಳ್ಳು ಎಂಬ ಮೂರನ್ನು ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಜೀವನದಲ್ಲಿ ಬಳಸಿ ಕಲಿತೆವು.

ನನಗೆ ರೈಟ್ ಎಂಬ ಕ್ರಿಯಾಪದದ ಎರಡು ಬಾಲಗಳು ಹೀಗೆಯೇ ಅರ್ಥವಾದವು. ಸೀತೂರಿನಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ ಇದೆ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ, ಆಗ ಕೂಲಿಯವರು ಉದ್ರಿ ತೆಗೆದುಕೊಳ್ಳುತ್ತಾರೆ. ಅಡಿಕೆ ಕೊಯ್ಲಿನ ಕಾಲಕ್ಕೆ ತೀರಿಸುತ್ತಾರೆ. ಕಾಮರ್ಸ್ ಓದುತ್ತಿದ್ದೀಯಲ್ಲ ಎಂದು ಅಬ್ಬಾ ಕಳೆದ ರಜೆಯಲ್ಲಿ ಉದ್ರಿ ಪುಸ್ತಕವನ್ನು ಹೊಸ ಲೆಡ್ಜರಿಗೆ ಇಳಿಸಲು ನನಗೆ ಕೊಟ್ಟರು. ಅಕ್ಕಿ, ಸೀಮೆಎಣ್ಣೆ, ಒಣಮೀನು, ಬೀಡಿ ಎಲ್ಲವೂ ತಾರೀಖಿನ ಸಮೇತ ಇತ್ತು. ಒಂದು ಪುಟದಲ್ಲಿ ಮಾತ್ರ ಜೂನ್‌ನಿಂದ ಆಗಸ್ಟ್‌ವರೆಗೆ ಲೆಕ್ಕವಿತ್ತು, ಆಮೇಲೆ ಉದ್ದಕ್ಕೆ ಒಂದು ಗೆರೆ. ಜಮಾ ಏನೂ ಇರಲಿಲ್ಲ.

ಆ ಮನುಷ್ಯ ಮಳೆಗಾಲದಲ್ಲೇ ತೀರಿಕೊಂಡಿದ್ದರು. ತಿಂಗಳ ಮೇಲೆ ಅವರ ಹೆಂಡತಿ ಅಂಗಡಿಗೆ ಬಂದು, “ಸಾಬ್ರೇ, ನಮ್ಮನೆಯವರದ್ದು ಎಷ್ಟು ಬಾಕಿ ಉಂಟು?” ಎಂದು ಕೇಳಿದರಂತೆ. “ಅದನ್ನ ಬಿಟ್ಟುಬಿಟ್ಟಿದ್ದೀನಿ ಅಕ್ಕ, ನೀವು ಮಕ್ಕಳನ್ನ ನೋಡ್ಕೊಳ್ಳಿ” ಎಂದರಂತೆ ಅಬ್ಬಾ. ಅಮ್ಮಿಗೆ ಮನೆಯಲ್ಲಿ ಹೇಳಿದ್ದು ಎರಡೇ ಮಾತು: “ಛೋಡ್ ದಿಯಾ.” ಕನ್ನಡದಲ್ಲಿ ಬಿಟ್ಟಾದ ಮೇಲೆ ಇನ್ನೊಮ್ಮೆ ಬಿಡಬೇಕು, ಆಗಲೇ ಪೂರ್ತಿ ಬಿಟ್ಟಂತೆ. ಉರ್ದುವಿನಲ್ಲಿ ಬಿಡುವುದರ ಜೊತೆಗೆ ಕೊಡುವುದೂ ಇದೆ. ದಿಯಾ ಎಂದರೆ ಕೊಟ್ಟ. ಇಂಗ್ಲಿಷಿನಲ್ಲಿ ಮಾತ್ರ ಬಿಡುವುದನ್ನೂ ಬರೆದೇ ಬಿಡಬೇಕು. ಲೆಡ್ಜರಿನಲ್ಲಿ ನಾನು ಬ್ಯಾಡ್ ಡೆಟ್ಸ್ ರಿಟನ್ ಆಫ್ ಎಂದು ಬರೆದೆ. ಅದು ಲಾಭ-ನಷ್ಟ ಖಾತೆಯ ಡೆಬಿಟ್ ಬದಿಗೆ, ಅಂದರೆ ನಷ್ಟಕ್ಕೆ ಹೋಗುತ್ತದೆ. ಲೆಕ್ಕದ ಪ್ರಕಾರ ಅದು ಸರಿಯೇ.

ಆದರೆ ಇನ್ನೊಂದು ಲೆಕ್ಕವೂ ಇದೆ. ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 282ನೇ ಸೂಕ್ತ, ಸಾಲದ ವ್ಯವಹಾರವನ್ನು ಸಣ್ಣದಿರಲಿ ದೊಡ್ಡದಿರಲಿ ಬರೆದಿಡಬೇಕು ಎನ್ನುತ್ತದೆ. ಅದಕ್ಕೆ ಸ್ವಲ್ಪ ಮೊದಲು, 280ನೇ ಸೂಕ್ತ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಸಮಯ ಕೊಡಬೇಕು, ದಾನವಾಗಿ ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಒಂದು ರೈಟ್ ಡೌನ್, ಇನ್ನೊಂದು ರೈಟ್ ಆಫ್. ಅಬ್ಬಾ ಎರಡನ್ನೂ ಮಾಡಿದ್ದರು. ಪ್ರತಿದಿನ ಹಿ ರೋಟ್ ಇಟ್ ಡೌನ್. ಒಂದು ದಿನ ಹಿ ರೋಟ್ ಇಟ್ ಆಫ್. ಇಲ್ಲಿ ಇಟ್ ಎಂಬುದು ನಡುವೆ ಬಂದಿರುವುದನ್ನು ಗಮನಿಸಿ. ಇಂಥ ಜೋಡಿಗಳಲ್ಲಿ ಸರ್ವನಾಮ ನಡುವೆಯೇ ಕೂರಬೇಕು, ರೋಟ್ ಆಫ್ ಇಟ್ ಎನ್ನುವಂತಿಲ್ಲ. ಲುಕ್ಡ್ ಆಫ್ಟರ್ ಅಂಥ ಕೆಲವು ಜೋಡಿಗಳು ಮಾತ್ರ ನಡುವೆ ಯಾರಿಗೂ ಜಾಗ ಬಿಡುವುದಿಲ್ಲ.

ಆದ್ದರಿಂದ ಗೆಳೆಯರೇ, ಪರೀಕ್ಷೆಗೆ ನೂರು ಫ್ರೇಸಲ್ ವರ್ಬ್‌ಗಳ ಪಟ್ಟಿಯನ್ನು ಉರು ಹೊಡೆಯುವ ಮೊದಲು, ನಿನ್ನೆ ನಿಮ್ಮ ಮನೆಯಲ್ಲಿ ನಡೆದದ್ದನ್ನು ಐದು ವಾಕ್ಯಗಳಲ್ಲಿ ಬರೆದು ನೋಡಿ. ಫಜ್ರ್‌ಗೆ ಯಾರು ಮೊದಲು ಎದ್ದರು? ಗಾಟ್ ಅಪ್. ಮಳೆಗೆ ಕರೆಂಟು ಹೋಯಿತೇ? ವೆಂಟ್ ಆಫ್. ಅಂಗಳದಲ್ಲಿ ಒಣಗಿಸಿದ ಬಟ್ಟೆಯನ್ನು ಯಾರು ಒಳಗೆ ತಂದರು? ಬ್ರಾಟ್ ಇನ್. ಬಾಲ ಇದ್ದಲ್ಲೇ ಇರಲಿ, ಮುಂದಿನದನ್ನು ಮಾತ್ರ ಬದಲಿಸಿ.