ಕೆಂಪು ದೀಪದಲ್ಲಿ ನಿಲ್ಲಲಾರದ ಎಂಜಿನ್

ಡೆಟ್ರಾಯಿಟ್ ಸುತ್ತಲಿನ ಊರುಗಳಲ್ಲಿ ಕಾರಿನ ಹುಚ್ಚಿಲ್ಲದವರು ಕಡಿಮೆ. ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತವರನ್ನೇ ಕೇಳಿದರೂ ಒಬ್ಬರು ಬ್ರೇಕು, ಒಬ್ಬರು ಸೀಟು, ಇನ್ನೊಬ್ಬರು ಸಾಫ್ಟ್‌ವೇರು ಎನ್ನುತ್ತಾರೆ. ಹಾಗಾಗಿ ನಾನು 2002ರ ಕಾರ್ವೆಟ್ ಝಡ್‌06 ಕೊಂಡಾಗ ಯಾರೂ ಹುಬ್ಬೇರಿಸಲಿಲ್ಲ. ಕಾರ್ಖಾನೆಯಿಂದ ಬಂದಾಗ ಅದರ 5.7 ಲೀಟರಿನ ಎಲ್‌ಎಸ್‌6 ಎಂಜಿನ್ನಿಗೆ 405 ಅಶ್ವಶಕ್ತಿ. ನನ್ನ ಕೈಗೆ ಬಂದಾಗ ಅದು ಹಾಗೆ ಉಳಿದಿರಲಿಲ್ಲ. ಹಿಂದಿನ ಮಾಲೀಕ ಡ್ರ್ಯಾಗ್ ರೇಸಿಗೆಂದು ಎಲ್ಲವನ್ನೂ ಬದಲಿಸಿದ್ದ: ಕೊರೆದು ಹಿಗ್ಗಿಸಿದ ಸಿಲಿಂಡರ್ ಹೆಡ್‌ಗಳು, ದೊಡ್ಡ ಕ್ಯಾಮ್‌ಶಾಫ್ಟ್, ಉದ್ದ ಕೊಳವೆಯ ಹೆಡರ್, ಎರಡು ಪ್ಲೇಟಿನ ಕ್ಲಚ್, ಹಗುರವಾದ ಅಲ್ಯೂಮಿನಿಯಂ ಫ್ಲೈವೀಲ್. ಬೆಲೆ ಕಡಿಮೆಯಿತ್ತು. ಯಾಕೆ ಕಡಿಮೆ ಎಂದು ಗೊತ್ತಿದ್ದೇ ಕೊಂಡೆ. ಇದನ್ನು ರಸ್ತೆಗೆ ಪಳಗಿಸಬಹುದು ಎಂಬ ಲೆಕ್ಕವಿತ್ತು. ಲೆಕ್ಕ ತಪ್ಪಲಿಲ್ಲ. ಪಟ್ಟ ಪಾಡು ಮಾತ್ರ ಲೆಕ್ಕದಲ್ಲಿರಲಿಲ್ಲ.

ನಿಂತಲ್ಲಿ ಆ ಎಂಜಿನ್ ಒಂದೇ ಸಮ ತಿರುಗುತ್ತಿರಲಿಲ್ಲ. ಮುಳ್ಳು 700ಕ್ಕೆ ಬಿದ್ದು 1,200ಕ್ಕೆ ಏರಿ ಮತ್ತೆ ಬೀಳುತ್ತಿತ್ತು. ಹಿಂದಿದ್ದ ಕಾರಿನ ಎರಡು ದೀಪ ಅದುರುವ ಕನ್ನಡಿಯಲ್ಲಿ ನಾಲ್ಕಾಗಿ ಕಾಣುತ್ತಿದ್ದವು. ಎರಡನೇ ಗೇರಿನಲ್ಲಿ ಮೆಲ್ಲಗೆ ಸಾಗೋಣವೆಂದರೆ ಕಾರು ಜರ್ಕ್ ಹೊಡೆಯಲು ಶುರು. ಕಾಲು ಅದುರಿ ಆಕ್ಸಿಲರೇಟರ್ ಅದುರುತ್ತದೆ, ಅದರಿಂದ ಜರ್ಕ್ ಇನ್ನೂ ಹೆಚ್ಚುತ್ತದೆ. ಕೊನೆಗೆ ಕ್ಲಚ್ ತುಳಿಯುವುದೊಂದೇ ದಾರಿ. ಈ ಕಾರಿನ ಗೇರ್‌ಬಾಕ್ಸ್ ಹಿಂಬದಿ ಚಕ್ರಗಳ ನಡುವೆ ಇದೆ. ಎಂಜಿನ್ನಿನಿಂದ ಅಲ್ಲಿಯವರೆಗೆ ಹೋಗುವ ಉದ್ದನೆಯ ಶಾಫ್ಟು ಪ್ರತಿ ಜಗ್ಗಾಟವನ್ನೂ ಖಣಖಣ ಎಂದು ಬೆನ್ನಿನ ಕೆಳಗೇ ಸಾರುತ್ತಿತ್ತು.

ಹೆದರಿಸಿದ್ದು ಬ್ರೇಕು. ಬ್ರೇಕಿನ ಬೂಸ್ಟರ್ ನಡೆಯುವುದು ಎಂಜಿನ್ ಎಳೆಯುವ ನಿರ್ವಾತದಿಂದ. ಆರೋಗ್ಯವಂತ ಎಂಜಿನ್ ನಿಂತಲ್ಲಿ 18ರಿಂದ 20 ಇಂಚು ಪಾದರಸದಷ್ಟು ನಿರ್ವಾತ ಕೊಡುತ್ತದೆ. ನನ್ನದು ಹತ್ತು ಮುಟ್ಟಲು ಒದ್ದಾಡುತ್ತಿತ್ತು. ಬಂಪರ್‌ಗೆ ಬಂಪರ್ ಟ್ರಾಫಿಕ್ಕಿನಲ್ಲಿ ಎರಡು ಮೂರು ಸಲ ಬೆನ್ನು ಬೆನ್ನಿಗೆ ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಾಗುತ್ತಿತ್ತು. ಒಂದು ಸಂಜೆ ಎಡಕ್ಕೆ ತಿರುಗುತ್ತಿದ್ದಾಗ, ಎದುರು ವಾಹನಗಳು ಬರುತ್ತಿರುವಾಗಲೇ ಎಂಜಿನ್ ಆಫ್ ಆಯಿತು. ಪವರ್ ಸ್ಟೀರಿಂಗ್ ಹೋಯಿತು. ಹಾರ್ನ್‌ಗಳ ನಡುವೆ ಕಲ್ಲಾದ ಸ್ಟೀರಿಂಗನ್ನು ಎರಡೂ ಕೈಯಲ್ಲಿ ತಿರುಚಿ ಬದಿಗೆ ತಂದೆ. ಪಕ್ಕದಲ್ಲಿದ್ದ ಹೆಂಡತಿ ಮಾತಾಡಲಿಲ್ಲ. ಮನೆಯವರೆಗೂ ಮಾತಾಡಲಿಲ್ಲ.

ಆಗಸ್ಟ್‌ನ ಮೂರನೇ ಶನಿವಾರ ಇಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಿಂದ ನಡೆದುಬಂದಿರುವ ಈ ಕಾರುಗಳ ಜಾತ್ರೆಯಲ್ಲಿ ವುಡ್‌ವರ್ಡ್ ಅವೆನ್ಯೂ ತುಂಬ ಹಳೆಯ, ಅಪರೂಪದ ಕಾರುಗಳು ಆಮೆಯ ವೇಗದಲ್ಲಿ ಸಾಗುತ್ತವೆ. ಆ ಬಿಸಿಲಲ್ಲಿ, ಆ ಕ್ಲಚ್ ತುಳಿದು ತುಳಿದು ನನ್ನ ಎಡ ಮಂಡಿ ಮಾತು ಕೇಳುವುದನ್ನು ನಿಲ್ಲಿಸಿತು. ಪೆಟ್ರೋಲ್ ವಾಸನೆಗೆ ಕಣ್ಣು ಉರಿ. ಕುರ್ಚಿ ಹಾಕಿಕೊಂಡು ಕುಳಿತ ಜನ ಮಾತ್ರ ಧಡ್‌ಬಡ್ ಸದ್ದು ಕೇಳಿ ಹೆಬ್ಬೆರಳೆತ್ತಿ ಮೆಚ್ಚುತ್ತಿದ್ದರು. ಅವರು ಮೆಚ್ಚುತ್ತಿದ್ದದ್ದು ಸರಿಯಾಗಿ ಉರಿಯಲಾರದ ಎಂಜಿನ್ನಿನ ಸದ್ದನ್ನು. ಈ ಸದ್ದಿಗಾಗಿ ದುಡ್ಡು ಸುರಿಯುವವರಿದ್ದಾರೆ. ಅವರ ಮೇಲೆ ನನಗೀಗ ಸಿಟ್ಟಿಲ್ಲ, ಅವರ ಮಂಡಿಯ ಬಗ್ಗೆ ಕನಿಕರವಿದೆ.

ರೋಗದ ಮೂಲ ಕ್ಯಾಮ್‌ಶಾಫ್ಟಿನಲ್ಲಿತ್ತು. ವಾಲ್ವ್‌ಗಳು ಎಷ್ಟು ಹೊತ್ತು ತೆರೆದಿರಬೇಕು ಎಂದು ನಿರ್ಧರಿಸುವುದು ಅದರ ಉಬ್ಬುಗಳು. ಕಂಪನಿಯ ಕ್ಯಾಮ್, 0.050 ಇಂಚಿನ ಎತ್ತರದಲ್ಲಿ ಅಳೆದರೆ, ಗಾಳಿ ಒಳಬಿಡುವ ವಾಲ್ವನ್ನು 204 ಡಿಗ್ರಿ, ಹೊಗೆ ಹೊರಬಿಡುವ ವಾಲ್ವನ್ನು 218 ಡಿಗ್ರಿ ತೆರೆದಿಡುತ್ತಿತ್ತು. ಎರಡರ ಉಬ್ಬುಗಳ ನಡುಬಿಂದುಗಳ ಮಧ್ಯೆ 117.5 ಡಿಗ್ರಿ ಅಂತರ. ನನ್ನದರಲ್ಲಿದ್ದದ್ದು 240, 244. ಅಂತರ ಬರೇ 110. ಅಂದರೆ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಗಳಿಗೆ ಬಹಳ ದೊಡ್ಡದು. 6,000 ಆರ್‌ಪಿಎಂನಲ್ಲಿ ಇದು ವರ: ಹೊರಹೋಗುವ ಹೊಗೆಯ ರಭಸವೇ ಹೊಸ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. 800ರಲ್ಲಿ ಅದೇ ಶಾಪ. ಹೊಗೆ ತಿರುಗಿ ಒಳಗೆ ಬರುತ್ತದೆ, ಹೊಸ ಮಿಶ್ರಣ ಕೆಡುತ್ತದೆ, ಕೆಲವು ಸಲ ಕಿಡಿ ಹತ್ತುವುದೇ ಇಲ್ಲ. ಉರಿಯದೆ ಹೊರಬಿದ್ದ ಆಮ್ಲಜನಕವನ್ನು ಸೈಲೆನ್ಸರ್ ಕೊಳವೆಯ ಸೆನ್ಸರ್ ಕಂಡು ಪೆಟ್ರೋಲ್ ಸಾಲದು ಎಂದು ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಕಣ್ಣುರಿಯ ಕತೆ ಇಷ್ಟೇ.

ಮೊದಲು ಲ್ಯಾಪ್‌ಟಾಪಿನಿಂದ ಆಗುವಷ್ಟು ಮಾಡಿದೆ. ಐಡಲಿಂಗನ್ನು 950ಕ್ಕೆ ಏರಿಸಿ, ಅಲ್ಲಿಗೆ ಬೇಕಾದ ಗಾಳಿಯ ಲೆಕ್ಕ ತಿದ್ದಿದೆ. ನಿಂತಾಗ ಸೆನ್ಸರಿನ ಚಾಡಿಗೆ ಕಿವಿಗೊಡಬೇಡ ಎಂದು ಕಂಪ್ಯೂಟರಿಗೆ ಹೇಳಿದೆ. ಕಡಿಮೆ ಭಾರದಲ್ಲಿ ಕಿಡಿ ಹಾರುವ ಸಮಯದ ಕೋಷ್ಟಕದಲ್ಲಿ ಅಕ್ಕಪಕ್ಕದ ಮನೆಗಳ ನಡುವೆ ಇದ್ದ ಜಿಗಿತಗಳನ್ನು ಸವರಿ ಸಮ ಮಾಡಿದೆ. ಜರ್ಕ್ ಅರ್ಧ ಇಳಿದದ್ದು ಇದರಿಂದಲೇ. ಉಳಿದರ್ಧಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ. ತೆರೆದಿರುವ ವಾಲ್ವನ್ನು ಯಾವ ಕೋಷ್ಟಕವೂ ಮುಚ್ಚಲಾರದು.

ಹಾಗಾಗಿ ಜನವರಿಯಲ್ಲಿ, ಹೊರಗೆ ಹಿಮ ಬೀಳುತ್ತಿದ್ದಾಗ, ಗ್ಯಾರೇಜಿನಲ್ಲಿ ಎಂಜಿನ್ನಿನ ಮುಂಭಾಗ ಬಿಚ್ಚಿದೆ. ರೇಡಿಯೇಟರ್ ಹೊರಗೆ, ವಾಟರ್ ಪಂಪ್ ಹೊರಗೆ. ಕ್ರ್ಯಾಂಕ್ ತುದಿಯ ಬ್ಯಾಲೆನ್ಸರ್ ಬಿಗಿಯಾಗಿ ಕೂತಿರುತ್ತದೆ; ಅದನ್ನು ಎಳೆದು ತೆಗೆಯಲು ಜಾಗ ಬೇಕೆಂದರೆ ಸ್ಟೀರಿಂಗ್ ರ‍್ಯಾಕ್ ಸರಿಸಬೇಕು. ಇಷ್ಟೆಲ್ಲ ಮೈನೋವಿನ ಕೆಲಸ, ಭಯದ್ದಲ್ಲ. ಭಯ ಲಿಫ್ಟರ್‌ಗಳದು. ಕ್ಯಾಮಿನ ಮೇಲೆ ಕೂತಿರುವ ಹದಿನಾರು ಲಿಫ್ಟರ್‌ಗಳನ್ನು, ಕ್ಯಾಮ್ ತಿರುಗಿಸಿ ಮೇಲಕ್ಕೆ ತಳ್ಳಿದರೆ, ಪ್ಲಾಸ್ಟಿಕ್ ಹಿಡಿಕೆಗಳು ಬಿಗಿಹಿಡಿದುಕೊಳ್ಳುತ್ತವೆ. ಹಿಡಿಕೆ ಹಳತಾಗಿದ್ದರೆ ಹಿಡಿಯುವುದಿಲ್ಲ. ಒಂದು ಲಿಫ್ಟರ್ ಜಾರಿ ಕೆಳಗೆ ಬಿದ್ದರೂ ಆಯಿಲ್ ಪ್ಯಾನ್ ಇಳಿಸಬೇಕು, ಇಲ್ಲವೇ ಹೆಡ್ ಬಿಚ್ಚಬೇಕು. ಕಾವಲಿಗೆಂದು ಅವುಗಳ ಕೆಳಗೆ ಎರಡು ಉಕ್ಕಿನ ಸರಳು ತೂರಿಸಿದೆ. ಕ್ಯಾಮಿನ ಮೂತಿಗೆ ಮೂರು ಉದ್ದ ಬೋಲ್ಟ್ ಹಾಕಿ ಹಿಡಿ ಮಾಡಿಕೊಂಡು, ಉಸಿರು ಹಿಡಿದು ಇಂಚಿಂಚಾಗಿ ಎಳೆದೆ. ಉಬ್ಬಿನ ಅಂಚು ಒಳಗಿನ ಬೇರಿಂಗಿಗೆ ತಾಗಿದಾಗೆಲ್ಲ ಕೈಗೆ ಸಣ್ಣ ಗೀರು ಕೇಳಿಸುತ್ತದೆ. ಕಿವಿಗಲ್ಲ, ಕೈಗೆ.

ಹೊಸ ಕ್ಯಾಮ್ 224, 228, ಅಂತರ 114. ಡೈನೋ ಮೇಲೆ ಚಕ್ರದ ಅಶ್ವಶಕ್ತಿ 445ರಿಂದ 418ಕ್ಕೆ ಇಳಿಯಿತು. 3,000 ಆರ್‌ಪಿಎಂನಲ್ಲಿ ಎಳೆತ ಕಣ್ಣಿಗೆ ಕಾಣುವಷ್ಟು ಏರಿತು. ನಿರ್ವಾತ 15 ಇಂಚು, ಬ್ರೇಕ್ ಮೆತ್ತಗೆ. ಗೆಳೆಯರು ಕೇಳಿದ್ದು ಹೋದ 27ರ ಬಗ್ಗೆ ಮಾತ್ರ. ಹಿಂದಿನವನು ಕಿತ್ತೆಸೆದಿದ್ದ ಕ್ಯಾಟಲಿಟಿಕ್ ಕನ್ವರ್ಟರ್‌ಗಳನ್ನೂ ಹಾಕಿಸಿದೆ. ಮಿಷಿಗನ್‌ನಲ್ಲಿ ಹೊಗೆ ತಪಾಸಣೆ ಇಲ್ಲವಾದರೂ ಅವನ್ನು ತೆಗೆಯುವುದು ದೇಶದ ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ ನನ್ನ ಅಂಗಿಗಳು ವಾಸನೆ ಹೊಡೆಯುವುದು ನಿಂತಿತು. ಕ್ಲಚ್ ಮತ್ತು ಫ್ಲೈವೀಲ್ ಬದಲಿಸಲು ಕಾರಿನ ಇಡೀ ಹಿಂಭಾಗವನ್ನೇ ಇಳಿಸಬೇಕಾಯಿತು. ಆ ಕೆಲಸವನ್ನು ಬೇರೆಯವರ ಕೈಗೆ ದುಡ್ಡು ಕೊಟ್ಟು ಮಾಡಿಸಿದೆ, ಅದರ ಬಗ್ಗೆ ಹೇಳಲು ಏನೂ ಇಲ್ಲ.

ಈಗ ಹೆಂಡತಿಯೂ ಓಡಿಸುತ್ತಾಳೆ, ಎಸಿ ಸಾಲದು ಎನ್ನುತ್ತಾಳೆ. ಉಳಿದಿರುವ ಒಂದೇ ತಕರಾರು ಚಳಿಯ ಮೊದಲ ಸ್ಟಾರ್ಟ್. ಸೊನ್ನೆಗಿಂತ ಕೆಳಗಿನ ಬೆಳಗಿನಲ್ಲಿ ಎಂಜಿನ್ ಹತ್ತಿಕೊಂಡು, ಒಮ್ಮೆ ಕೆಮ್ಮಿ, ಸಾಯುತ್ತದೆ. ಎರಡನೇ ಸಲ ಸಾಯದೆ ಓಡುತ್ತದೆ. ಚಳಿಯ ಸ್ಟಾರ್ಟಿನ ಕೋಷ್ಟಕ ತಿದ್ದುವುದು ನಿಧಾನದ ಕೆಲಸ. ಒಮ್ಮೆ ಬಿಸಿಯಾದ ಎಂಜಿನ್ ಪೂರ್ತಿ ತಣ್ಣಗಾಗಲು ಇಡೀ ರಾತ್ರಿ ಬೇಕು. ಒಂದು ಅಂಕಿ ಬದಲಿಸಿದರೆ ಫಲ ನೋಡಲು ಮರುದಿನ ಬೆಳಿಗ್ಗೆಯವರೆಗೆ ಕಾಯಬೇಕು, ಬೆಳಿಗ್ಗೆ ಚಳಿ ಇದ್ದರೆ.